ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು, ಫಾರಂ ತುಂಬಿ ನೋಡು!

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಎರಡಕ್ಕೇ ನಿಲ್ಲಿಸಿದ್ದರು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆಯ ಸಂಸಾರಗಳಿಗೆ ಈಗ ಮೂರನೆಯದೊಂದು ಸೇರಿಕೊಂಡಿದೆ. ಮಗಳ ಮದುವೆ ಮಾಡಿ, ದೇವನಹಳ್ಳಿಯಲ್ಲಿ ವಿಮಾನ ಹತ್ತಿಸಿ, ಛತ್ರದ ಬಾಕಿ, ಜವಳಿ ಅಂಗಡಿಯ ಬಾಕಿ ಎಲ್ಲ ತೀರಿಸಿ, ಉಸ್ಸಪ್ಪಾ ಎಂದು ಕೂತಿರುವಾಗ ಒಂದು ಸಂಜೆ ಫೋನು ಬರುತ್ತದೆ.

"ಅಪ್ಪಾ, ನಮ್ಮ ಮದುವೆ ಸರ್ಟಿಫಿಕೇಟಿನಲ್ಲಿ ನನ್ನ ಹೆಸರು ಹೆಂಗೆ ಬರ್ದವ್ರೆ ಒಂದ್ಸಲ ನೋಡಿ ಹೇಳಿ. ವೀಸಾ ಎಕ್ಸ್‌ಟೆನ್ಷನ್‌ಗೆ ಹಾಕ್ಬೇಕು."

"ಯಾಕಮ್ಮಾ, ವೀಸಾ ಆವತ್ತೇ ಕೊಟ್ಟಿದ್ರಲ್ಲಾ?"

"ಅದು ಮುಗೀತಾ ಬಂತಪ್ಪಾ."

ಮದುವೆಗೆ ಮುಗಿಯುವ ತಾರೀಖಿಲ್ಲ. ವೀಸಾಕ್ಕೆ ಇದೆ. ಗಂಡಹೆಂಡಿರ ವೀಸಾ ವಿಸ್ತರಣೆಯ ಫಾರಂ ಎಂಬುದರ ಪೂರ್ತಿ ಕಥೆ ಇಷ್ಟೇ. ಆದರೆ ಈ ಇಷ್ಟರಲ್ಲೇ ಎಷ್ಟೋ ಮನೆಗಳ ನಿದ್ದೆ ಕೆಡುತ್ತಿದೆ. ಫಾರಂ ತುಂಬುವುದು ಲಂಡನ್ನಿನಲ್ಲೋ ನ್ಯೂಜೆರ್ಸಿಯಲ್ಲೋ ಆದರೂ ಅದಕ್ಕೆ ಬೇಕಾದ ಕಾಗದ ಇರುವುದು ಇಲ್ಲಿನ ಗಾಡ್ರೇಜ್ ಬೀರುವಿನಲ್ಲಿ. ಜೆರಾಕ್ಸ್ ಅಂಗಡಿ, ನೋಟರಿ, ಸಬ್‌ರಿಜಿಸ್ಟ್ರಾರ್ ಕಚೇರಿ ಎಂದು ಬಸ್ಸಿನಲ್ಲಿ ಓಡಾಡುವವರು ಇಲ್ಲಿನ ಅಪ್ಪ ಅಮ್ಮಂದಿರೇ.

ಲಂಡನ್ನಿನ ಲೆಕ್ಕ

ಬ್ರಿಟನ್ನಿನ ಪ್ರಜೆಯನ್ನೋ ಅಲ್ಲಿ ಶಾಶ್ವತವಾಗಿ ನೆಲೆಸಿದವರನ್ನೋ ಮದುವೆಯಾದ ಹುಡುಗಿಗೆ ಮೊದಲ ಸಲ ಸಿಗುವುದು 33 ತಿಂಗಳ ವೀಸಾ, ಅಂದರೆ ಎರಡೂಮುಕ್ಕಾಲು ವರ್ಷ. ಅದು ಮುಗಿಯುವ ಮುನ್ನ ಮತ್ತೆ ಅರ್ಜಿ ಹಾಕಿದರೆ ಇನ್ನು 30 ತಿಂಗಳು. ಹೀಗೆ ಐದು ವರ್ಷ ಪೂರೈಸಿದ ಮೇಲೆ ಕಾಯಂ ನೆಲೆಸುವ ಅರ್ಜಿ. ಗಂಡ ಇನ್ನೂ ಕೆಲಸದ ವೀಸಾದ ಮೇಲಿದ್ದರೆ ಹೆಂಡತಿಯದು ಈ ದಾರಿ ಅಲ್ಲ. ಆಕೆ ಅವಲಂಬಿತಳೆಂಬ ಬೇರೆ ಲೆಕ್ಕಕ್ಕೆ ಬರುತ್ತಾಳೆ. ಎಷ್ಟೋ ಮಂದಿ ಮೊದಲ ತಪ್ಪು ಮಾಡುವುದು ಇಲ್ಲೇ. ಪಕ್ಕದ ಮನೆಯವರ ಮಗಳು ತುಂಬಿದ ಫಾರಮ್ಮನ್ನೇ ತಮ್ಮ ಮಗಳೂ ತುಂಬಬೇಕೆಂದು ತಿಳಿದುಕೊಳ್ಳುತ್ತಾರೆ.

ಈ ಫಾರಂ ಕೇಳುವುದೇನು? ಮೊದಲು ದುಡ್ಡಿನ ವಿಚಾರ. 2024ರ ಏಪ್ರಿಲ್ 11ರಿಂದ ಹೊಸದಾಗಿ ಅರ್ಜಿ ಹಾಕುವ ದಂಪತಿಗೆ ವರ್ಷಕ್ಕೆ 29,000 ಪೌಂಡ್ ವರಮಾನ ಇರಬೇಕು. 2012ರಿಂದ ಇದ್ದದ್ದು 18,600 ಪೌಂಡ್. ಹಳೆಯ ಲೆಕ್ಕದಲ್ಲಿ ವೀಸಾ ಪಡೆದು ಅದೇ ಗಂಡನ ಜೊತೆಗಿದ್ದು ವಿಸ್ತರಣೆ ಕೇಳುವವರಿಗೆ ಹಳೆಯ ಮೊತ್ತವೇ ಅನ್ವಯ. ಇದು ತಿಳಿಯದೆ ರಾತ್ರಿಯೆಲ್ಲ ಕೂತು ಲೆಕ್ಕ ಹಾಕಿ ಕಣ್ಣೀರು ಹಾಕಬೇಕಾದ್ದಿಲ್ಲ.

ಅರ್ಜಿ ಶುಲ್ಕ ಬೇರೆ, ಆಸ್ಪತ್ರೆಯ ಸುಂಕ ಬೇರೆ. 2024ರ ಫೆಬ್ರವರಿಯಲ್ಲಿ ಈ ಸುಂಕ ವರ್ಷಕ್ಕೆ 1,035 ಪೌಂಡ್ ಆಯಿತು. 30 ತಿಂಗಳಿಗೆ 2,587 ಪೌಂಡ್ ಮೇಲೆ ಐವತ್ತು ಪೆನ್ಸ್. ರೂಪಾಯಿಗೆ ತಿರುಗಿಸಿದರೆ ಲಕ್ಷಗಳ ಮಾತು. ಕಂತಿನಲ್ಲಿ ಕಟ್ಟುವ ಹಾಗಿಲ್ಲ, ಅರ್ಜಿಯ ಜೊತೆಗೇ ಸುರಿಯಬೇಕು. ಇಂಗ್ಲಿಷ್ ಪರೀಕ್ಷೆಯಲ್ಲೂ ಒಂದು ಮೆಟ್ಟಿಲು ಮೇಲೆ. ಮೊದಲ ವೀಸಾಕ್ಕೆ ಎ-1 ದರ್ಜೆ ಸಾಕಿತ್ತು, ವಿಸ್ತರಣೆಗೆ ಎ-2 ಬೇಕು.

ಆಮೇಲೆ ಬರುವುದು ನಮ್ಮ ಕಡೆಯವರಿಗೆ ಅರ್ಥವೇ ಆಗದ ಪ್ರಶ್ನೆ: ಗಂಡ ಹೆಂಡತಿ ಒಟ್ಟಿಗೇ ಬಾಳುತ್ತಿದ್ದೀರಾ, ಪುರಾವೆ ಎಲ್ಲಿ? ಇಲ್ಲಿ ಬೀದಿಯವರನ್ನು ಕೇಳಿದರೆ ಹೇಳುತ್ತಾರೆ. ಅಲ್ಲಿ ಕೇಳುವುದು ಕಾಗದವನ್ನು. ಕಳೆದ ಎರಡು ವರ್ಷದಲ್ಲಿ ಹಂಚಿಕೊಂಡಂತೆ ಬಂದ ಆರು ಪತ್ರ, ಅವೂ ಕನಿಷ್ಠ ಮೂರು ಬೇರೆ ಬೇರೆ ಕಡೆಯಿಂದ ಬಂದಿರಬೇಕು. ಬ್ಯಾಂಕಿನದೊಂದು, ಗ್ಯಾಸ್ ಕರೆಂಟಿನದೊಂದು, ಪುರಸಭೆ ತೆರಿಗೆಯದೊಂದು, ಡಾಕ್ಟರ ಕಡೆಯದೊಂದು. ಇಬ್ಬರ ಹೆಸರೂ ಒಂದೇ ಪತ್ರದಲ್ಲಿದ್ದರೆ ಸರಿ. ಇಲ್ಲದಿದ್ದರೆ ಒಬ್ಬೊಬ್ಬರ ಹೆಸರಿಗೂ ಅದೇ ಮನೆ ವಿಳಾಸಕ್ಕೆ ಬೇರೆ ಬೇರೆ ಪತ್ರ ಬಂದಿರಬೇಕು. ಮನೆಯ ಬಿಲ್ಲೆಲ್ಲ ಗಂಡನ ಹೆಸರಿನಲ್ಲಿದ್ದರೆ ಹೆಂಡತಿ ಆ ಮನೆಯಲ್ಲಿ ಇದ್ದೂ ಇಲ್ಲದ ಹಾಗೆ!

ಶಿಡ್ಲಘಟ್ಟದ ರೀಲರುಗಳಿಗೆ ಇದು ಬೇಗ ಅರ್ಥವಾದೀತು. ಗೂಡಿನ ಲಾಟಿಗೆ ಚೀಟಿ ಇಲ್ಲದಿದ್ದರೆ ಮಾಲು ಕಣ್ಣೆದುರಿಗೇ ಇದ್ದರೂ ವ್ಯಾಪಾರ ನಡೆಯುವುದಿಲ್ಲ.

ಅಮೆರಿಕದ ಚೀಟಿ

ಅಮೆರಿಕದಲ್ಲಿ ಗಂಡನಿಗೆ ಎಚ್-1ಬಿ ಇದ್ದರೆ ಹೆಂಡತಿಗೆ ಎಚ್-4. ಇಲ್ಲಿ ಎರಡು ಗುಂಡಿಗಳಿವೆ. ಒಂದು, ಪಾಸ್‌ಪೋರ್ಟಿಗೆ ಅಂಟಿಸಿದ ವೀಸಾದ ತಾರೀಖನ್ನೇ ಕೊನೆಯ ತಾರೀಖೆಂದು ನಂಬುವುದು. ಅದು ಒಳಗೆ ಬರುವುದಕ್ಕೆ ಮಾತ್ರ. ಎಲ್ಲಿಯವರೆಗೆ ಇರಬಹುದು ಎಂಬುದು ಐ-94 ಎಂಬ ದಾಖಲೆಯಲ್ಲಿರುತ್ತದೆ. ಪಾಸ್‌ಪೋರ್ಟು ಬೇಗ ಮುಗಿಯುವುದಿದ್ದರೆ ವಿಮಾನ ನಿಲ್ದಾಣದ ಅಧಿಕಾರಿ ಐ-94ಕ್ಕೂ ಅದೇ ತಾರೀಖು ಹಾಕಿಬಿಡುವುದುಂಟು. ವೀಸಾ ಇನ್ನೂ ಎರಡು ವರ್ಷ ಇದೆಯಲ್ಲ ಎಂದು ನೆಮ್ಮದಿಯಾಗಿದ್ದವರು ಅಷ್ಟರಲ್ಲಾಗಲೇ ಅವಧಿ ಮೀರಿರುತ್ತಾರೆ.

ಎರಡು, ಗಂಡನ ಅರ್ಜಿಯನ್ನು ಕಂಪನಿ ಹಾಕುತ್ತದೆ, ಹೆಂಡತಿಯದೂ ಅದರಲ್ಲೇ ಸೇರಿತು ಎಂದುಕೊಳ್ಳುವುದು. ಸೇರುವುದಿಲ್ಲ. ಆಕೆಗೆ ಐ-539 ಎಂಬ ಬೇರೆ ಫಾರಂ ಇದೆ. ಕೆಲಸಕ್ಕೆ ಹೋಗುವ ಹೆಂಗಸಾದರೆ ಇನ್ನೊಂದು, ಐ-765. ಗ್ರೀನ್ ಕಾರ್ಡಿನ ಸಾಲಿನಲ್ಲಿ ಒಂದು ಹಂತ ದಾಟಿದವರ ಹೆಂಡತಿಯರಿಗೆ 2015ರ ಮೇ 26ರಿಂದ ಕೆಲಸದ ಪರವಾನಗಿ ಸಿಗುತ್ತಿದೆ. ಮೊದಲು ನವೀಕರಣಕ್ಕೆ ವೇಳೆಗೆ ಸರಿಯಾಗಿ ಅರ್ಜಿ ಹಾಕಿದವರಿಗೆ ಉತ್ತರ ತಡವಾದರೂ ಪರವಾನಗಿ ತಾನಾಗಿ ಮುಂದುವರಿಯುವ ಅನುಕೂಲ ಇತ್ತು. 2025ರ ಅಕ್ಟೋಬರ್ 30ರಿಂದ ಹಾಕಿದ ನವೀಕರಣ ಅರ್ಜಿಗಳಿಗೆ ಆ ಅನುಕೂಲ ತೆಗೆದುಹಾಕಿದ್ದಾರೆ. ಅಲ್ಲಿಗೆ, ಹಳೆ ಕಾರ್ಡು ಮುಗಿದ ದಿನ ಹೊಸದು ಕೈಗೆ ಬಂದಿರದಿದ್ದರೆ ಮಾರನೇ ದಿನ ಕೆಲಸಕ್ಕೆ ಹೋಗುವ ಹಾಗಿಲ್ಲ. ಆಕೆಯ ಸಂಬಳದಿಂದಲೇ ಚಿಂತಾಮಣಿಯ ಮನೆ ಸಾಲದ ಕಂತು ಕಟ್ಟುತ್ತಿದ್ದರೆ, ಆ ತಿಂಗಳ ಕಂತಿನ ಗತಿ?

ಸೊಸೆ ಇಲ್ಲಿಗೆ ಬಂದರೆ

ಕಾಗದದ ಕಾಟ ಅಲ್ಲಿ ಮಾತ್ರ ಎಂದೇನೂ ಇಲ್ಲ. ನಮ್ಮ ಹುಡುಗ ಹೊರದೇಶದ ಹುಡುಗಿಯನ್ನು ಮದುವೆಯಾಗಿ ಮನೆಗೆ ಕರೆತಂದರೆ ಆಕೆಗೂ ಇದೇ ಪಾಡು. ಹೊರದೇಶದವರು ಈ ಜಿಲ್ಲೆಗೆ ಹೊಸಬರಲ್ಲ. ಮುದ್ದೇನಹಳ್ಳಿಗೆ ಬರುತ್ತಾರೆ, ನಂದಿಗೆ ಬರುತ್ತಾರೆ, 2023ರ ಜನವರಿ 15ರಂದು ಆದಿಯೋಗಿ ಪ್ರತಿಮೆ ಅನಾವರಣವಾದ ಮೇಲೆ ಆ ಕಡೆಗೂ ಬರುತ್ತಾರೆ. ಗೌರಿಬಿದನೂರು ತಾಲ್ಲೂಕಿನ ಅಲೀಪುರದವರಿಗೆ ಇರಾನಿನ ನಂಟು ಹಳೆಯದು. ಬಂದು ಹೋಗುವವರಿಗೆ ವೀಸಾ ಒಂದು ತರಹ, ಬಂದು ನಿಲ್ಲುವ ಸೊಸೆಗೆ ಇನ್ನೊಂದು ತರಹ.

ಭಾರತೀಯರ ಗಂಡ ಅಥವಾ ಹೆಂಡತಿಗೆ ಸಿಗುವುದು ಪ್ರವೇಶ ವೀಸಾ. ಎಕ್ಸ್-2 ಎಂದು ಅದರ ಗುರುತು. ಹಿಂದೆ ಇದರ ವಿಸ್ತರಣೆ ಎಂದರೆ ಊರೂರು ಅಲೆದಾಟ. ಜಿಲ್ಲೆಯಲ್ಲಿ ಪೊಲೀಸ್ ವರಿಷ್ಠಾಧಿಕಾರಿಯ ಕಚೇರಿ, ಬೆಂಗಳೂರಿಗೆ ಹೋದರೆ ಶಾಂತಿನಗರದ ಬಿಎಂಟಿಸಿ ಬಸ್ ನಿಲ್ದಾಣದ ಕಟ್ಟಡದ ಮೇಲಿನ ವಿದೇಶಿಯರ ನೋಂದಣಿ ಕಚೇರಿ. ಕೆಳಗೆ ಬಸ್ಸಿನ ಕ್ಯೂ, ಮೇಲೆ ವೀಸಾದ ಕ್ಯೂ! 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗುವ ತನಕ ಗೌರಿಬಿದನೂರಿನವರು ಜಿಲ್ಲಾ ಕಚೇರಿಯ ಕೆಲಸವೆಂದರೆ ಕೋಲಾರಕ್ಕೇ ಹೋಗಬೇಕಿತ್ತು. 2018ರಲ್ಲಿ ಈ ಕೆಲಸವನ್ನೆಲ್ಲ ಇ-ಎಫ್‌ಆರ್‌ಆರ್‌ಒ ಎಂಬ ಜಾಲತಾಣಕ್ಕೆ ತಂದರು. ಈಗ ಮನೆಯಲ್ಲೇ ಕೂತು ಫಾರಂ ತುಂಬಿ, ಫೋಟೋ, ಪಾಸ್‌ಪೋರ್ಟು, ಮದುವೆ ಪತ್ರ, ವಿಳಾಸದ ದಾಖಲೆ ಏರಿಸಿ, ದುಡ್ಡು ಕಟ್ಟಬಹುದು. ಕರೆದರೆ ಮಾತ್ರ ಹೋಗಬೇಕು. ಬಸ್ ಚಾರ್ಜು ಉಳಿಯಿತು, ಸರಿ. ಆದರೆ ಕಾಗದದಲ್ಲಿ ತಪ್ಪಿದ್ದರೆ "ಇದು ಹಿಂಗಲ್ಲ ಕಣಮ್ಮಾ, ಹಿಂಗೆ ಬರಿ" ಎಂದು ಹೇಳುವ ಗುಮಾಸ್ತ ಆ ಜಾಲತಾಣದಲ್ಲಿಲ್ಲ.

ಅತ್ತೆ ಮಾವಂದಿರೂ ತಿಳಿದಿರಬೇಕಾದ ವಿಷಯ ಒಂದಿದೆ. 180 ದಿನಕ್ಕೆ ಮೀರಿದ ವೀಸಾದ ಮೇಲೆ ಬಂದವರು 14 ದಿನದೊಳಗೆ ನೋಂದಾಯಿಸಿಕೊಳ್ಳಬೇಕು. ಹೊರದೇಶದವರು ಮನೆಯಲ್ಲಿ ಇಳಿದುಕೊಂಡರೆ 24 ಗಂಟೆಯೊಳಗೆ ತಿಳಿಸಬೇಕು. ಫಾರಂ ಸಿ ಎಂದೇ ಹೆಸರಾಗಿದ್ದ ಇದು ಲಾಡ್ಜಿನವರಿಗೆ ಮಾತ್ರ ಎಂದು ಜನ ತಿಳಿದಿದ್ದಾರೆ, ಮನೆಯವರಿಗೂ ಇದೆ. 2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ವಿದೇಶಿಯರ ಹೊಸ ಕಾಯ್ದೆ ಜಾರಿಗೆ ಬಂದು 1946ರ ವಿದೇಶಿಯರ ಕಾಯ್ದೆ ಸೇರಿ ನಾಲ್ಕು ಹಳೆಯ ಕಾಯ್ದೆಗಳು ಹೋದವು. ಅವಧಿ ಮೀರಿ ಉಳಿದರೆ ಮೂರು ವರ್ಷದವರೆಗೆ ಸಜೆ, ಮೂರು ಲಕ್ಷದವರೆಗೆ ದಂಡ, ಅಥವಾ ಎರಡೂ.

ಮದುವೆ ನೋಂದಣಿಯಾಗಿ ಎರಡು ವರ್ಷ ಸಂಸಾರ ಸಾಗಿದ್ದರೆ ಸಾಗರೋತ್ತರ ಭಾರತೀಯ ಕಾರ್ಡಿಗೆ, ಅಂದರೆ ಒಸಿಐಗೆ ಅರ್ಜಿ ಹಾಕಬಹುದು. ಆಮೇಲೆ ಪದೇ ಪದೇ ವಿಸ್ತರಣೆಯ ಗೋಳಿಲ್ಲ. ಪಾಕಿಸ್ತಾನ, ಬಾಂಗ್ಲಾದೇಶದ ಮೂಲದವರಿಗೆ ಇದು ಸಿಗುವುದಿಲ್ಲ. ವಿಚ್ಛೇದನವಾದರೆ ಕಾರ್ಡನ್ನು ರದ್ದು ಮಾಡಲೂಬಹುದು. ಪೂರ್ತಿ ಪೌರತ್ವ ಬೇಕೆಂದರೆ ಏಳು ವರ್ಷ ಇಲ್ಲೇ ವಾಸವಿದ್ದಿರಬೇಕು.

ಸರಿಯಾದ ಕಾಗದದ ಬೆಲೆ ಏನೆಂಬುದು 2025ರ ಏಪ್ರಿಲಿನಲ್ಲಿ ದೇಶಕ್ಕೆಲ್ಲ ಗೊತ್ತಾಯಿತು. ಪಹಲ್ಗಾಮ್ ದಾಳಿಯ ಬಳಿಕ ಪಾಕಿಸ್ತಾನಿಗಳ ವೀಸಾ ರದ್ದಾದಾಗ, ದೀರ್ಘಾವಧಿ ವೀಸಾ ಇದ್ದ ಸೊಸೆಯಂದಿರಿಗೆ ವಿನಾಯಿತಿ ಸಿಕ್ಕಿತು. ಅಲ್ಪಾವಧಿ ವೀಸಾದ ಮೇಲೆ ಬಂದವರು ಅಟ್ಟಾರಿ ಗಡಿಯ ದಾರಿ ಹಿಡಿಯಬೇಕಾಯಿತು.

ಊರಿನ ಹೆಸರೇ ತೊಡಕು

ಇಷ್ಟೆಲ್ಲದರ ನಡುವೆ ಈ ಜಿಲ್ಲೆಯವರಿಗೇ ಮೀಸಲಾದ ಕಷ್ಟ ಒಂದಿದೆ. ಚಿಂತಾಮಣಿಯಲ್ಲೋ ಶಿಡ್ಲಘಟ್ಟದಲ್ಲೋ 1995ರಲ್ಲಿ ಹುಟ್ಟಿದ ಹುಡುಗಿ ಎಂದಿಟ್ಟುಕೊಳ್ಳಿ. ಜನನ ಪತ್ರದಲ್ಲಿ ಕೋಲಾರ ಜಿಲ್ಲೆ. ಮದುವೆಯಾದದ್ದು ಅದೇ ಊರಿನ ಅದೇ ಬೀದಿಯ ಛತ್ರದಲ್ಲಿ, ಮದುವೆ ಪತ್ರದಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆ. ಊರು ಎಲ್ಲೂ ಹೋಗಿಲ್ಲ, ಜಿಲ್ಲೆ ಬಂದು ಹೋಗಿದೆ. ಇದನ್ನು ಸಾವಿರಾರು ಮೈಲಿ ದೂರದ ಅಧಿಕಾರಿಗೆ ತಿಳಿಸುವವರು ಯಾರು? ಹುಟ್ಟಿದ ಊರಿನ ಹೆಸರನ್ನು ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಬರೆದು, 2007ರಲ್ಲಿ ಜಿಲ್ಲೆ ಒಡೆಯಿತು ಎಂದು ಒಂದೆರಡು ಸಾಲಿನ ವಿವರಣೆ ಲಗತ್ತಿಸಿದರೆ ಅನುಮಾನಕ್ಕೆ ಜಾಗವಿರುವುದಿಲ್ಲ.

ಇಂಗ್ಲಿಷ್ ಕಾಗುಣಿತದ ಕಥೆಯಂತೂ ಕೇಳಲೇಬೇಡಿ. ಚಿಕ್ಕಬಳ್ಳಾಪುರವನ್ನು 'ಚಿಕ್' ಎಂದು ನಿಲ್ಲಿಸಿ ಬರೆಯುವವರು ಕೆಲವರು, 'ಚಿಕ್ಕ' ಎಂದು ಪೂರ್ತಿ ಬರೆಯುವವರು ಕೆಲವರು, ನಡುವೆ ಒಂದು 'ಸಿ' ಸೇರಿಸುವವರು ಇನ್ನು ಕೆಲವರು. ಶಿಡ್ಲಘಟ್ಟ ಎಸ್‌ನಿಂದ ಶುರುವಾಗಿ ಒಂದು ಬೋರ್ಡಿನಲ್ಲಿ ಎಚ್ ಇದ್ದರೆ ಇನ್ನೊಂದರಲ್ಲಿ ಇಲ್ಲ. ಅಂಗಡಿ ಬೋರ್ಡಿಗೆ ನಡೆಯುತ್ತದೆ, ಫಾರಮ್ಮಿಗೆ ನಡೆಯುವುದಿಲ್ಲ.

ಹೆಸರಿನ ಹಿಂದಿನ ಇನಿಷಿಯಲ್ಲು ಮತ್ತೊಂದು. 'ಸಿ.ಎನ್.' ಎಂದರೆ ಚಿಂತಾಮಣಿಯ 'ಸಿ', ಅಪ್ಪನ ಹೆಸರಿನ 'ಎನ್' ಎಂದು ಇಲ್ಲಿ ಎಲ್ಲರಿಗೂ ಗೊತ್ತು. ಪಾಸ್‌ಪೋರ್ಟಿನಲ್ಲಿ ಅದನ್ನು ಬಿಡಿಸಿ ಬರೆದರೆ ಹುಡುಗಿಯ ಮನೆತನದ ಹೆಸರೇ ಚಿಂತಾಮಣಿ ಆಗಿಬಿಡುತ್ತದೆ! ಬರೀ ಒಂದೇ ಹೆಸರಿದ್ದು ಮನೆತನದ ಹೆಸರಿನ ಕಾಲಂ ಖಾಲಿ ಬಿಟ್ಟರೆ ಅಮೆರಿಕದವರು ಅದನ್ನೇ ಕೊನೆಯ ಹೆಸರಾಗಿ ಹಾಕಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಎಂದು ಬರೆಯುತ್ತಾರೆ. ಮೊದಲ ಹೆಸರು ಗೊತ್ತಿಲ್ಲ ಎಂದು ಅದರ ಅರ್ಥ. ತೊಟ್ಟಿಲಿಗೆ ಹಾಕಿ ಕಿವಿಯಲ್ಲಿ ಮೂರು ಸಲ ಕೂಗಿ ಇಟ್ಟ ಹೆಸರು ಕಡೆಗೆ ಗೊತ್ತೇ ಇಲ್ಲ ಎಂದಾಯಿತು. ಮದುವೆಯಾದ ಮೇಲೆ ಆಧಾರ್‌ನಲ್ಲಿ ಗಂಡನ ಹೆಸರು ಸೇರಿಸಿ, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರೇ ಉಳಿಸಿಕೊಂಡವರದು ಇನ್ನೊಂದು ಗೋಜಲು.

ಬರುವ ಹಾಗಿಲ್ಲ

ದುಡ್ಡು ಹೋದರೆ ಸಂಪಾದಿಸಬಹುದು, ಹೆಸರು ತಪ್ಪಿದ್ದರೆ ತಿದ್ದಿಸಬಹುದು. ಕೈಗೆ ಸಿಗದೇ ಹೋಗುವುದು ಬೇರೆಯೇ ಒಂದಿದೆ.

ಬ್ರಿಟನ್ನಿನಲ್ಲಿ ವಿಸ್ತರಣೆಯ ಅರ್ಜಿಯನ್ನು ವೇಳೆಗೆ ಹಾಕಿದರೆ, ತೀರ್ಮಾನ ಬರುವ ತನಕ ಹಳೆಯ ಹಕ್ಕುಗಳೆಲ್ಲ ಮುಂದುವರಿಯುತ್ತವೆ. ಕೆಲಸಕ್ಕೆ ಹೋಗಬಹುದು, ಆಸ್ಪತ್ರೆಗೆ ಹೋಗಬಹುದು. ದೇಶ ಬಿಟ್ಟು ಮಾತ್ರ ಹೊರಡುವಂತಿಲ್ಲ. ಹೊರಟರೆ ಅರ್ಜಿ ಹಿಂತೆಗೆದುಕೊಂಡಂತೆ. ವಾರಗಳಾಗಲಿ ತಿಂಗಳುಗಳಾಗಲಿ, ಅಲ್ಲೇ ಇರಬೇಕು.

ಆ ದಿನಗಳಲ್ಲೇ ಇಲ್ಲಿ ಅಪ್ಪನಿಗೆ ಎದೆನೋವು ಬಂತು ಎಂದಿಟ್ಟುಕೊಳ್ಳಿ. ಅಣ್ಣ ಫೋನು ಮಾಡುತ್ತಾನೆ. "ಬರ್ತೀಯೇನಮ್ಮಾ?" ಎಂದು ಕೇಳುವ ಮುಂಚೆಯೇ ಅವನಿಗೆ ಉತ್ತರ ಗೊತ್ತಿರುತ್ತದೆ. ಬಂದರೆ ಕಟ್ಟಿದ ದುಡ್ಡು, ಕಳೆದ ವರ್ಷಗಳು, ಅಲ್ಲಿ ಸ್ಕೂಲಿಗೆ ಹೋಗುವ ಮಗು, ಎಲ್ಲವನ್ನೂ ಪಣಕ್ಕಿಟ್ಟು ಬರಬೇಕು. ಬಾರದಿದ್ದರೆ ಅಪ್ಪನ ಮುಖ ಮೊಬೈಲಿನಲ್ಲಿ ನೋಡಬೇಕು. ಬೀದಿಯವರಿಗೆ ಇದು ತಿಳಿಯುವುದಿಲ್ಲ. "ಅಪ್ಪ ಹೋದ್ರೂ ಮಗಳು ಬರಲಿಲ್ಲ, ಫಾರಿನ್ನಿಗೆ ಹೋದೋರು ಅಷ್ಟೇ" ಎಂದು ಟೀ ಅಂಗಡಿಯ ಮುಂದೆ ಮಾತಾಡಿಕೊಳ್ಳುತ್ತಾರೆ. ಬರಲಾರದ ಮಗಳಿಗೂ ಬಾರದ ಮಗಳಿಗೂ ಬಹಳ ವ್ಯತ್ಯಾಸವಿದೆ. ಹಾಗೆ ಮಾತಾಡುವವರು ಈ ನಿಯಮವನ್ನು ಒಂದು ಸಲ ತಿಳಿದುಕೊಂಡರೆ ಒಳ್ಳೆಯದು.

ಗಂಡನ ಕೈಲಿ ಕಾಗದ

ಇನ್ನೊಂದು ಸಂಗತಿಯನ್ನು ನೆಂಟರ ಮುಂದೆ ಯಾರೂ ಆಡುವುದಿಲ್ಲ. ಈ ಫಾರಂಗಳೆಲ್ಲ ನಿಂತಿರುವುದು ಗಂಡನ ಸಂಬಳದ ಚೀಟಿ, ಗಂಡನ ಸಹಿ, ಗಂಡನ ವೀಸಾದ ಮೇಲೆ. ಸಂಸಾರ ಚೆನ್ನಾಗಿದ್ದರೆ ಅದೇನು ದೊಡ್ಡದಲ್ಲ. ಚೆನ್ನಾಗಿಲ್ಲದಿದ್ದರೆ "ಸಹಿ ಹಾಕಲ್ಲ, ಊರಿಗೆ ಹೋಗು" ಎಂಬ ಒಂದೇ ಮಾತು ಸಾಕು. ಹೊಡೆದರೂ ಬೈದರೂ ಹೆಣ್ಣುಮಗಳು ಬಾಯಿ ಮುಚ್ಚಿಕೊಂಡಿರುವುದು ಎಷ್ಟೋ ಸಲ ಈ ಭಯಕ್ಕೆ.

ಇದಕ್ಕೆ ಕಾನೂನಿನಲ್ಲಿ ಸ್ವಲ್ಪ ದಾರಿ ಇದೆ. ಬ್ರಿಟನ್ನಿನಲ್ಲಿ ಸಂಗಾತಿಯ ಹಿಂಸೆಯಿಂದ ಸಂಸಾರ ಮುರಿದರೆ, ಪ್ರಜೆಯ ಅಥವಾ ಕಾಯಂ ನೆಲೆಸಿದವರ ಪತ್ನಿ ಮೂರು ತಿಂಗಳ ತಾತ್ಕಾಲಿಕ ಅನುಮತಿ ಪಡೆದು ತಾನೇ ಸ್ವಂತವಾಗಿ ಕಾಯಂ ನೆಲೆಗೆ ಅರ್ಜಿ ಹಾಕಬಹುದು. ಅಮೆರಿಕದಲ್ಲಿ ಹಿಂಸೆಗೆ ಒಳಗಾದ ಎಚ್-4 ಪತ್ನಿಗೆ ಕೆಲಸದ ಪರವಾನಗಿ ಕೇಳಲು ಐ-765ವಿ ಎಂಬ ಪ್ರತ್ಯೇಕ ಫಾರಂ ಇದೆ. ವಾಪಸು ಬರುವುದೊಂದೇ ದಾರಿ ಅಲ್ಲ ಎಂಬುದು ಇಲ್ಲಿನ ತಾಯಿಗೆ ಗೊತ್ತಿದ್ದರೆ, "ಹೊಂದ್ಕೊಂಡು ಹೋಗಮ್ಮಾ" ಎನ್ನುವ ಬದಲು ಬೇರೆ ಮಾತು ಹೇಳಿಯಾಳು.

ಇಲ್ಲಿ ಮಾಡಬೇಕಾದ್ದು

ಮೊದಲನೆಯದು, ಮದುವೆ ನೋಂದಣಿ. ಎಲ್ಲ ಮದುವೆಗಳೂ ನೋಂದಣಿಯಾಗಬೇಕೆಂದು ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ. ಲಗ್ನಪತ್ರಿಕೆ, ಆಲ್ಬಂ ಇದ್ದರೆ ಸಾಲದು. 2024ರಿಂದ ಹಿಂದೂ ಮದುವೆಗಳ ನೋಂದಣಿಗೆ ಕಾವೇರಿ 2.0 ಜಾಲತಾಣದಲ್ಲೇ ಅರ್ಜಿ ಹಾಕಬಹುದು. ವಿಶೇಷ ವಿವಾಹ ಕಾಯ್ದೆಯಲ್ಲಿ ಆಗುವುದಾದರೆ 30 ದಿನದ ನೋಟೀಸು ಇದೆ. ರಜೆಗೆಂದು ಮೂರು ವಾರಕ್ಕೆ ಬಂದ ವರ ಇದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಬೇಕು.

ಎರಡನೆಯದು, ನೋಂದಣಿಯ ದಿನ ಹೆಸರಿನ ಅಕ್ಷರಗಳನ್ನು ಪಾಸ್‌ಪೋರ್ಟು ಪಕ್ಕದಲ್ಲಿಟ್ಟುಕೊಂಡು ತಾಳೆ ನೋಡುವುದು. ಅವಸರದಲ್ಲಿ ಸಹಿ ಹಾಕಿ ಊಟಕ್ಕೆ ಹೋದರೆ ಆ ಊಟದ ಬೆಲೆ ಮೂರು ವರ್ಷದ ಮೇಲೆ ತಿಳಿಯುತ್ತದೆ.

ಮೂರನೆಯದು, ಕನ್ನಡ ಅಥವಾ ಉರ್ದುವಿನಲ್ಲಿರುವ ಪತ್ರಗಳಿಗೆ ಇಂಗ್ಲಿಷ್ ಭಾಷಾಂತರ. ಭಾಷಾಂತರ ಮಾಡಿದವರ ಹೆಸರು, ಸಹಿ, ತಾರೀಖು, ವಿಳಾಸ ಇರಲೇಬೇಕು. ಕೆಲವು ದೇಶಗಳು ಅಪಾಸ್ಟಿಲ್ ಎಂಬ ಮುದ್ರೆ ಕೇಳುತ್ತವೆ. ಭಾರತದಲ್ಲಿ ಇದು 2005ರ ಜುಲೈ 14ರಿಂದ ಇದೆ, ರಾಜ್ಯದ ದೃಢೀಕರಣವಾದ ಮೇಲೆ ವಿದೇಶಾಂಗ ಸಚಿವಾಲಯ ಹಾಕಿಕೊಡುತ್ತದೆ. ಕೇಳದಿದ್ದರೆ ಅದಕ್ಕೆ ದುಡ್ಡು ಸುರಿಯಬೇಕಾಗಿಲ್ಲ.

ನಾಲ್ಕನೆಯದು, ಏಜೆಂಟರು. "ನಾನು ಮಾಡಿಸ್ಕೊಡ್ತೀನಿ, ಒಳಗೆ ನಮ್ಮೋರವ್ರೆ" ಎನ್ನುವವರ ಮಾತು ನಂಬಬೇಡಿ. ಜಾಲತಾಣದ ಒಳಗೆ ಯಾರೂ ನಮ್ಮವರಿಲ್ಲ. ಖಾಲಿ ಫಾರಂ ಎಲ್ಲ ದೇಶದಲ್ಲೂ ಪುಕ್ಕಟೆ ಸಿಗುತ್ತದೆ. ತಪ್ಪು ಬರೆದವರು ಏಜೆಂಟರಾದರೂ ಉತ್ತರ ಹೇಳಬೇಕಾದ್ದು ಸಹಿ ಹಾಕಿದ ಹೆಣ್ಣುಮಗಳು.

ಕೊನೆಯದಾಗಿ ತಾರೀಖು. ಹಾಲಿನ ಲೆಕ್ಕ, ಚೀಟಿಯ ಕಂತು, ಗ್ಯಾಸ್ ಬುಕ್ ಮಾಡಿದ ದಿನ, ಎಲ್ಲವನ್ನೂ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದಿಡುವ ಮನೆಗಳಿವು. ಮಗಳ ವೀಸಾ ಮುಗಿಯುವ ತಾರೀಖನ್ನೂ ಅಲ್ಲೇ ಕೆಂಪು ಶಾಯಿಯಲ್ಲಿ ಬರೆದು, ಆರು ತಿಂಗಳು ಮುಂಚಿನ ಪುಟದಲ್ಲೂ ಒಂದು ಗುರುತು ಹಾಕಿಡುವುದು ಒಳ್ಳೆಯದು. ಮಗಳು ಮರೆತರೂ ಅಮ್ಮ ಮರೆಯುವುದಿಲ್ಲ. ಫೋನಿನಲ್ಲಿ ಊಟ ಆಯಿತಾ ಎಂದು ಕೇಳಿದ ಮೇಲೆ, "ಆ ಫಾರಂ ಏನಾಯ್ತಮ್ಮಾ?" ಎಂದೂ ಒಂದು ಮಾತು ಕೇಳಿದರೆ ಆಯಿತು.